ಲೈಸಿನ್ ಮಾತ್ರೆ ತೆಗೆದುಕೊಳ್ಳಬೇಕಾ? ಅನುಭವ ಇದ್ದವರು ಹೇಳಿ

ಪ್ರಶ್ನೆ – ಗೃಹಿಣಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಬಿಸಿಲು ಜಾಸ್ತಿಯಾದಾಗ, ಜ್ವರ ಬಂದಾಗ, ನಿದ್ದೆಗೆಟ್ಟಾಗ ನನಗೆ ತುಟಿಯ ಅಂಚಿನಲ್ಲಿ ನೀರುಗುಳ್ಳೆ ಏಳುತ್ತವೆ. ಮೊದಲು ಉರಿ, ಆಮೇಲೆ ಹಕ್ಕಳೆ. ಇದು ಹರ್ಪಿಸ್ ವೈರಸ್ ಎಂದು ಡಾಕ್ಟರ್ ಹೇಳಿದರು. ಅಮೆರಿಕದಲ್ಲಿರುವ ನಾದಿನಿ ಲೈಸಿನ್ ಎಂಬ ಮಾತ್ರೆಯ ಡಬ್ಬಿ ಕಳಿಸಿದ್ದಾಳೆ. ಒಂದೊಂದು ಮಾತ್ರೆ 1000 ಮಿ.ಗ್ರಾಂ. ಅಲ್ಲಿ ತುಂಬಾ ಜನ ಇದಕ್ಕೆ ಅದನ್ನೇ ತಗೋತಾರಂತೆ. ಇತ್ತ ನನ್ನ 6 ವರ್ಷದ ಮಗ ಸರಿಯಾಗಿ ಊಟ ಮಾಡುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ಹಸಿವಿನ ಸಿರಪ್ಪಿನ ಮೇಲೂ ಲೈಸಿನ್ ಎಂದೇ ಬರೆದಿದೆ. ನಾವು ಸಸ್ಯಾಹಾರಿಗಳು. ಜೋಳದ ರೊಟ್ಟಿ, ಅನ್ನವೇ ಮುಖ್ಯ ಊಟ. ನಮಗೆ ಲೈಸಿನ್ ಕಡಿಮೆ ಬೀಳುತ್ತಿದೆಯಾ? ಮಾತ್ರೆ ತೆಗೆದುಕೊಳ್ಳಲಾ? ಮಗನಿಗೆ ಸಿರಪ್ ಕೊಡಲಾ?

ಡಯಟೀಷಿಯನ್, ಧಾರವಾಡ

ಅಕ್ಕ, ಮೊದಲು ಊಟದ ಲೆಕ್ಕ ನೋಡೋಣ. ಪ್ರೋಟೀನ್ ಕಟ್ಟುವುದಕ್ಕೆ ದೇಹಕ್ಕೆ 20 ಬಗೆಯ ಅಮೈನೋ ಆಮ್ಲ ಬೇಕು. ಅದರಲ್ಲಿ 9ನ್ನು ದೇಹ ತಾನಾಗಿ ಮಾಡಿಕೊಳ್ಳುವುದಿಲ್ಲ, ಊಟದಿಂದಲೇ ಬರಬೇಕು. ಲೈಸಿನ್ ಆ 9ರಲ್ಲಿ ಒಂದು. ವಿಶ್ವ ಆರೋಗ್ಯ ಸಂಸ್ಥೆಯ 2007ರ ವರದಿಯ ಪ್ರಕಾರ ದೊಡ್ಡವರಿಗೆ ಒಂದು ಕಿಲೋ ತೂಕಕ್ಕೆ ದಿನಕ್ಕೆ 30 ಮಿ.ಗ್ರಾಂ ಸಾಕು. ನೀವು 60 ಕಿಲೋ ಇದ್ದರೆ 1800 ಮಿ.ಗ್ರಾಂ.

ನಿಮ್ಮ ಅನುಮಾನದಲ್ಲಿ ಅರ್ಧ ನಿಜ ಇದೆ. ಧಾನ್ಯಗಳ ಪ್ರೋಟೀನಿನಲ್ಲಿ ಎಲ್ಲಕ್ಕಿಂತ ಕಡಿಮೆ ಬೀಳುವುದು ಲೈಸಿನ್ನೇ. ಜೋಳ, ಗೋಧಿ, ರಾಗಿ, ಮೆಕ್ಕೆಜೋಳ, ಎಲ್ಲವೂ ಹಾಗೆಯೇ. ಅಕ್ಕಿ ಸ್ವಲ್ಪ ವಾಸಿ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸಿಗುವುದು ಹೆಚ್ಚುಕಡಿಮೆ 230 ಮಿ.ಗ್ರಾಂ. ಅಷ್ಟೇ ಅಕ್ಕಿಯಲ್ಲಿ 280ರ ಆಸುಪಾಸು. ಅದೇ 100 ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 1400 ಮಿ.ಗ್ರಾಂ! ಹೆಸರುಕಾಳು, ಕಡಲೆ, ಅಲಸಂದೆ, ಹುರುಳಿ ಕೂಡ ಅದೇ ಸಾಲಿನವು. ಸೋಯಾದಲ್ಲಿ ಇನ್ನೂ ಹೆಚ್ಚು. ಹಾಲು 100 ಮಿ.ಲೀ.ಗೆ 250ರಷ್ಟು ಕೊಡುತ್ತದೆ.

ಈಗ ನಿಮ್ಮ ದಿನದ ಊಟ ತೆಗೆದುಕೊಳ್ಳಿ. ರೊಟ್ಟಿಗೆ 200 ಗ್ರಾಂ ಹಿಟ್ಟು, ಅನ್ನಕ್ಕೆ 100 ಗ್ರಾಂ ಅಕ್ಕಿ ಎಂದುಕೊಂಡರೆ ಎರಡೂ ಸೇರಿ 740 ಮಿ.ಗ್ರಾಂ. ಬೇಕಾದ್ದರ ಅರ್ಧವೂ ಆಗಲಿಲ್ಲ. ಇದಕ್ಕೆ ದಿನಕ್ಕೆ 60 ಗ್ರಾಂ ಬೇಳೆಕಾಳು, 300 ಮಿ.ಲೀ. ಹಾಲು-ಮೊಸರು ಸೇರಿಸಿ. ಒಟ್ಟು 2300 ದಾಟುತ್ತದೆ. ಮಾತ್ರೆಯ ಮಾತೇ ಬೇಡ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ರೊಟ್ಟಿ, ಅನ್ನದಿಂದ ಬರುತ್ತದೆ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದಿಲ್ಲ, ದಿನದಲ್ಲಿ ಎರಡೂ ಹೊಟ್ಟೆಗೆ ಹೋದರಾಯಿತು.

ನನ್ನ ಹತ್ತಿರ ಬರುವವರಲ್ಲಿ ಕೊರತೆ ಕಾಣುವುದು ಬೇಳೆ ತೆಳುವಾದ ಮನೆಗಳಲ್ಲಿ. ಸಾರು ಅನ್ನುತ್ತಾರೆ, ತಟ್ಟೆಯಲ್ಲಿ ಬರೀ ಹುಳಿನೀರು ಇರುತ್ತದೆ. ಬೇಳೆ ಪಾತ್ರೆಯ ತಳದಲ್ಲೇ ಉಳಿಯುತ್ತದೆ. ಅದನ್ನು ಕಲಕಿ, ಗಟ್ಟಿಯಾಗಿ ಬಡಿಸಿ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಹೆಂಗಸರ ಪಾಲಿಗೆ ಕಾಳು ಉಳಿಯುವುದೇ ಇಲ್ಲ. ಇದು ನನ್ನನ್ನು ತುಂಬಾ ಕಾಡುವ ವಿಷಯ. ನಿಮ್ಮ ತಟ್ಟೆಗೆ ಎಷ್ಟು ಬೀಳುತ್ತಿದೆ ಎಂದು ದಯವಿಟ್ಟು ನೋಡಿಕೊಳ್ಳಿ.

ಮಗನಿಗೆ ಕಿಲೋಗೆ 35 ಮಿ.ಗ್ರಾಂ ಲೆಕ್ಕ. 20 ಕಿಲೋ ಇದ್ದರೆ 700. ಒಂದು ದೊಡ್ಡ ಲೋಟ ಹಾಲು, ಎರಡು ಚಮಚ ಗಟ್ಟಿ ಬೇಳೆ, ಅಲ್ಲಿಗೆ ಮುಗಿಯಿತು.

ಚರ್ಮರೋಗ ವೈದ್ಯೆ, ಹುಬ್ಬಳ್ಳಿ

ಗುಳ್ಳೆಯ ವಿಷಯಕ್ಕೆ ಬರುತ್ತೇನೆ. ಲೈಸಿನ್ ಇದಕ್ಕೆ ಒಳ್ಳೆಯದು ಎಂಬ ನಂಬಿಕೆ ಸುಮ್ನೆ ಹುಟ್ಟಿದ್ದಲ್ಲ. ಹರ್ಪಿಸ್ ವೈರಸ್ ಬೆಳೆಯಲು ಆರ್ಜಿನಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಬೇಕು. ಲೈಸಿನ್, ಆರ್ಜಿನಿನ್ ಎರಡೂ ಜೀವಕೋಶದೊಳಗೆ ಹೋಗುವುದು ಒಂದೇ ದಾರಿಯಲ್ಲಿ. ಲೈಸಿನ್ ಜಾಸ್ತಿಯಾದರೆ ಆರ್ಜಿನಿನ್‌ಗೆ ದಾರಿ ಇಕ್ಕಟ್ಟಾಗುತ್ತದೆ. 1960ರ ದಶಕದಲ್ಲಿ ಲ್ಯಾಬಿನಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಲೈಸಿನ್ ವೈರಸ್ಸನ್ನು ತಡೆಯುವುದು ಕಂಡಿತ್ತು. ಮಾತ್ರೆಯ ಕಥೆ ಶುರುವಾದದ್ದು ಅಲ್ಲಿಂದ.

ಆದರೆ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಚಿಕ್ಕವು, ಫಲಿತಾಂಶ ಒಂದೊಂದರಲ್ಲಿ ಒಂದೊಂದು ಥರ. ತುಟಿಯ ಹರ್ಪಿಸ್ ತಡೆಯುವ ಉಪಾಯಗಳನ್ನೆಲ್ಲ ಒಟ್ಟಿಗೆ ಅಳೆದು ನೋಡಿದ ಕಾಕ್ರೇನ್ ಎಂಬ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2015ರ ವಿಮರ್ಶೆಯಲ್ಲಿ ಲೈಸಿನ್ ಗುಳ್ಳೆ ತಡೆಯುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಹಾಗಾಗಿ ನಾನು ಇದನ್ನು ಬರೆದುಕೊಡುವುದಿಲ್ಲ.

ಕೆಲಸ ಮಾಡುವುದು ವೈರಸ್ ತಡೆಯುವ ಔಷಧಿಯಾದ ಅಸೈಕ್ಲೋವಿರ್ ಮತ್ತು ಅದೇ ಗುಂಪಿನ ಮಾತ್ರೆಗಳು. ಇದನ್ನು ಕಂಡುಹಿಡಿದ ಕೆಲಸದಲ್ಲಿ ದೊಡ್ಡ ಪಾತ್ರ ಗರ್ಟ್ರೂಡ್ ಎಲಿಯನ್ ಅವರದು. 1988ರಲ್ಲಿ ನೊಬೆಲ್ ಪಡೆದ ವಿಜ್ಞಾನಿ. ಆದರೆ ಹೊತ್ತು ಮುಖ್ಯ. ಗುಳ್ಳೆ ಏಳುವ ಮೊದಲು ತುಟಿ ಜುಮ್ ಎನ್ನುತ್ತದಲ್ವಾ, ಆಗಲೇ ಶುರು ಮಾಡಬೇಕು. ಹಕ್ಕಳೆ ಕಟ್ಟಿದ ಮೇಲೆ ಬರುವವರೇ ಜಾಸ್ತಿ. ಆಗ ಮಾತ್ರೆಯಿಂದ ಹೇಳಿಕೊಳ್ಳುವ ಲಾಭ ಇಲ್ಲ. ಒಮ್ಮೆ ಡಾಕ್ಟರ್ ಹತ್ತಿರ ಹೋಗಿ, ಡೋಸ್ ಬರೆಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ವರ್ಷಕ್ಕೆ 6ಕ್ಕಿಂತ ಹೆಚ್ಚು ಸಲ ಬರುತ್ತಿದ್ದರೆ ದಿನವೂ ಕಡಿಮೆ ಡೋಸ್ ತೆಗೆದುಕೊಳ್ಳುವ ಕ್ರಮವೂ ಇದೆ, ಅದನ್ನೂ ಕೇಳಿ.

ಇನ್ನೊಂದು ವಿಷಯ. ಗುಳ್ಳೆ ಇರುವಾಗ ಎಳೆಕೂಸಿಗೆ ಮುತ್ತು ಕೊಡಲೇಬೇಡಿ. ಹುಟ್ಟಿದ ಕೆಲವೇ ವಾರಗಳ ಮಗುವಿಗೆ ಈ ವೈರಸ್ ಜೀವಕ್ಕೇ ಅಪಾಯ. ಕಣ್ಣು ಕೆಂಪಾಗಿ ನೋಯತೊಡಗಿದರೆ ಅದೇ ದಿನ ಕಣ್ಣಿನ ಡಾಕ್ಟರಿಗೆ ತೋರಿಸಿ. ಶೇಂಗಾ, ಎಳ್ಳಿನಲ್ಲಿ ಆರ್ಜಿನಿನ್ ಜಾಸ್ತಿ ಎಂದು ಓದಿ ಕೆಲವರು ಚಟ್ನಿಪುಡಿಯನ್ನೇ ಬಿಟ್ಟಿರುತ್ತಾರೆ. ಅದರ ಅಗತ್ಯ ಇಲ್ಲ.

ಸಾಫ್ಟ್‌ವೇರ್ ಕೆಲಸ, ಬೆಂಗಳೂರು

ನನಗೂ ಇದೇ ತೊಂದರೆ. ಲೈಸಿನ್ ಮಾತ್ರೆ ತಿಂಗಳುಗಟ್ಟಲೆ ತೆಗೆದುಕೊಂಡೆ. ಬೇಸಿಗೆಯಲ್ಲಿ ಬೈಕ್ ಓಡಿಸಿದ ವಾರ ಗುಳ್ಳೆ ಬಂದೇ ಬಂತು. ಜಾಸ್ತಿ ಮಾತ್ರೆ ನುಂಗಿದ ದಿನ ಹೊಟ್ಟೆ ಕೆಡುತ್ತಿತ್ತು. ಈಗ ಸನ್‌ಸ್ಕ್ರೀನ್ ಇರುವ ಲಿಪ್ ಬಾಮ್ ಹಚ್ಚುತ್ತೇನೆ, ಮುಖಕ್ಕೆ ಬಟ್ಟೆ ಕಟ್ಟುತ್ತೇನೆ, ಜುಮ್ ಎಂದ ಕೂಡಲೇ ಡಾಕ್ಟರ್ ಬರೆದುಕೊಟ್ಟ ಮಾತ್ರೆ. ತುಂಬಾ ಕಡಿಮೆಯಾಗಿದೆ.

ಹೆರಿಗೆ ವಾರ್ಡಿನ ನರ್ಸ್, ಕಲಬುರಗಿ

ಅಕ್ಕ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲ ಇದು. ಆದರೂ ಲೈಸಿನ್ ಅಂದ ಕೂಡಲೇ ನನಗೆ ನೆನಪಾಗುವುದು ನಮ್ಮ ಟ್ರಾಲಿಯಲ್ಲಿರುವ ಟ್ರಾನೆಕ್ಸಾ ಇಂಜೆಕ್ಷನ್. ಪೂರ್ತಿ ಹೆಸರು ಟ್ರಾನೆಕ್ಸಾಮಿಕ್ ಆಸಿಡ್. ಇದು ಲೈಸಿನ್ನನ್ನೇ ಹೋಲುವಂತೆ ಮಾಡಿದ ಔಷಧಿ.

ಹೆರಿಗೆಯಾದ ಮೇಲೆ ಕೆಲವರಿಗೆ ರಕ್ತ ನಿಲ್ಲುವುದಿಲ್ಲ. ದೇಹ ರಕ್ತವನ್ನು ಹೆಪ್ಪುಗಟ್ಟಿಸಲು ನೋಡುತ್ತಿರುತ್ತದೆ, ಇನ್ನೊಂದು ಕಡೆಯಿಂದ ಪ್ಲಾಸ್ಮಿನ್ ಎಂಬ ಕಿಣ್ವ ಆ ಹೆಪ್ಪನ್ನು ಕರಗಿಸುತ್ತಿರುತ್ತದೆ. ಹೆಪ್ಪಿನ ಎಳೆಗಳ ಮೇಲೆ ಲೈಸಿನ್ ಇರುವ ಜಾಗವನ್ನು ಹಿಡಿದುಕೊಂಡೇ ಅದು ಕೆಲಸ ಮಾಡುವುದು. ಟ್ರಾನೆಕ್ಸಾ ಏನು ಮಾಡುತ್ತದೆ ಎಂದರೆ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ, ಪ್ಲಾಸ್ಮಿನ್ ಮೇಲೆ ಲೈಸಿನ್ ಕೂರಬೇಕಾದ ಜಾಗದಲ್ಲಿ ತಾನು ಮೊದಲೇ ಕೂತುಬಿಡುತ್ತದೆ. ಪ್ಲಾಸ್ಮಿನ್ನಿಗೆ ಹೆಪ್ಪಿನ ಮೇಲೆ ಹಿಡಿತ ಸಿಗುವುದಿಲ್ಲ, ಹೆಪ್ಪು ಕರಗುವುದಿಲ್ಲ.

ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಬಡತನದ ದಿನಗಳಲ್ಲಿ ಹೆರಿಗೆಯ ರಕ್ತಸ್ರಾವಕ್ಕೆ ಔಷಧಿ ಬೇಕೆಂದೇ ಅವರು ಹುಡುಕಾಟ ಶುರು ಮಾಡಿದ್ದು. ಲೈಸಿನ್‌ನಿಂದ ಹೊರಟು, ಅದರ ರೂಪವನ್ನು ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋದರು. 1962ರಲ್ಲಿ ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ಪ್ರಕಟಿಸಿದರು. ಆದರೆ ಹೆರಿಗೆಯಲ್ಲಿ ಇದನ್ನು ಪರೀಕ್ಷಿಸಿ ನೋಡಿ ಎಂದು ಅಲ್ಲಿನ ಡಾಕ್ಟರುಗಳನ್ನು ಒಪ್ಪಿಸಲು ಅವರಿಂದ ಆಗಲಿಲ್ಲ. ಕೊನೆಗೆ 21 ದೇಶಗಳ 20 ಸಾವಿರ ತಾಯಂದಿರ ಮೇಲೆ ದೊಡ್ಡ ಪರೀಕ್ಷೆ ನಡೆದು 2017ರಲ್ಲಿ ಫಲಿತಾಂಶ ಬಂತು. ಹೆರಿಗೆಯಾದ 3 ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದಿಂದ ಆಗುವ ಸಾವು ಮೂರರಲ್ಲಿ ಒಂದರಷ್ಟು ಕಡಿಮೆ. ಉಟಾಕೊ ಅವರು ಅದಕ್ಕೆ ಒಂದು ವರ್ಷ ಮೊದಲು, 98ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ನನಗೆ ಇದು ಬಹಳ ಬೇಸರದ ಸಂಗತಿ.

ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಿಗೂ ಇದೇ ಮಾತ್ರೆ ಬರೆಯುತ್ತಾರೆ. ಮುಖದ ಬಂಗಿಗೂ ಕೊಡುತ್ತಾರೆ. ಅಂಗಡಿಯಲ್ಲಿ ನೀವೇ ಕೇಳಿ ತೆಗೆದುಕೊಳ್ಳಬೇಡಿ. ಕಾಲಿನಲ್ಲೋ ಶ್ವಾಸಕೋಶದಲ್ಲೋ ಹಿಂದೆ ರಕ್ತ ಹೆಪ್ಪುಗಟ್ಟಿದವರಿಗೆ ಇದು ಆಗದು.

ಒಬ್ಬ ತಾಯಿ, ಬೆಂಗಳೂರು

ಸಿರಪ್ ಎಂದು ಓದಿದ ಕೂಡಲೇ ಬರೆಯಬೇಕು ಅನ್ನಿಸಿತು. ನನ್ನ ಮಗಳಿಗೆ ಗ್ಲುಟಾರಿಕ್ ಅಸಿಡೂರಿಯಾ ಟೈಪ್ 1 ಇದೆ. ಹುಟ್ಟಿನಿಂದಲೇ ಬರುವ, ಅಪರೂಪದ ಕಾಯಿಲೆ. ಲೈಸಿನ್ನನ್ನು ಒಡೆಯುವ ದಾರಿಯಲ್ಲಿ ಬೇಕಾದ ಒಂದು ಕಿಣ್ವ ಅವಳಲ್ಲಿ ಕೆಲಸ ಮಾಡುವುದಿಲ್ಲ. ಆಗ ಗ್ಲುಟಾರಿಕ್ ಆಸಿಡ್ ಎಂಬುದು ಸೇರಿಕೊಂಡು ಮೆದುಳಿನಲ್ಲಿ ಚಲನೆಯನ್ನು ಹಿಡಿತದಲ್ಲಿಡುವ ಭಾಗಕ್ಕೆ ಪೆಟ್ಟು ಕೊಡುತ್ತದೆ. ಒಂದು ಸಾಮಾನ್ಯ ಜ್ವರ, ಎರಡು ದಿನದ ವಾಂತಿ-ಭೇದಿ ಸಾಕು. ಅಲ್ಲಿಯವರೆಗೆ ಚೆನ್ನಾಗಿ ಆಡುತ್ತಿದ್ದ ಮಗುವಿನ ಕೈಕಾಲು ಬಿಗಿದು ತಿರುಚಿಕೊಳ್ಳಬಹುದು. 6 ವರ್ಷದವರೆಗೆ ಅಪಾಯ ಹೆಚ್ಚು.

ನಮ್ಮ ಪುಣ್ಯ, ಬೇಗ ಗೊತ್ತಾಯಿತು. ಮಗಳ ತಲೆ ಹುಟ್ಟಿದಾಗಲೇ ಸ್ವಲ್ಪ ದೊಡ್ಡದಿತ್ತು. ಅಲ್ಲಿದ್ದ ಮಕ್ಕಳ ಡಾಕ್ಟರ್ ಅಷ್ಟಕ್ಕೇ ಬಿಡದೆ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಪರೀಕ್ಷೆಗೆ ಕಳಿಸಿದರು. ಈಗ ನಮ್ಮ ಅಡುಗೆಮನೆಯಲ್ಲಿ ತಕ್ಕಡಿ ಇದೆ. ಅನ್ನವನ್ನೂ ತೂಗುತ್ತೇನೆ. ಬೇರೆಯವರಿಗೆ ಒಳ್ಳೆಯದಾದ ಬೇಳೆ, ಹಾಲು, ಪನೀರು ಇವಳಿಗೆ ಲೆಕ್ಕದ ತುತ್ತು. ಉಳಿದ ಪ್ರೋಟೀನ್ ಲೈಸಿನ್ ಇಲ್ಲದ ವಿಶೇಷ ಪುಡಿಯಿಂದ. ಜೊತೆಗೆ ಕಾರ್ನಿಟಿನ್ ಸಿರಪ್. ಜ್ವರ ಬಂದರೆ ಏನು ಕೊಡಬೇಕು, ಎಷ್ಟು ಗಂಟೆಯೊಳಗೆ ಡ್ರಿಪ್ ಹಾಕಿಸಬೇಕು ಎಂದು ಬರೆದ ಕಾಗದ ಯಾವಾಗಲೂ ನನ್ನ ಬ್ಯಾಗಿನಲ್ಲಿರುತ್ತದೆ. ಆ ಕಾಗದ ಇಲ್ಲದೆ ನಾವು ಊರು ಬಿಡುವುದಿಲ್ಲ.

ಒಮ್ಮೆ ಮದುವೆಮನೆಯಲ್ಲಿ ಹತ್ತಿರದ ನೆಂಟರೊಬ್ಬರು ‘ಮಗು ಸಣಕಲಾಗಿದೆ’ ಎಂದು ಪ್ರೀತಿಯಿಂದಲೇ ಹಸಿವಿನ ಸಿರಪ್ ತಂದುಕೊಟ್ಟರು. ಲೇಬಲ್ಲಿನಲ್ಲಿ ಮೊದಲ ಹೆಸರೇ ಲೈಸಿನ್. ನಿಮ್ಮ ಮಗನಿಗೆ ಈ ಕಾಯಿಲೆ ಇದೆ ಎಂದು ನಾನು ಹೆದರಿಸುತ್ತಿಲ್ಲ, ಇದು ತೀರಾ ಅಪರೂಪ. ಆದರೆ ಬೇರೆಯವರ ಮಕ್ಕಳಿಗೆ ಟಾನಿಕ್ ಕೊಡುವ ಮೊದಲು ಅವರ ತಾಯಿಯನ್ನು ಕೇಳಿ.

ಇನ್ನೊಂದು ಮಾತು. ನಾನು ಮದುವೆಯಾದದ್ದು ಸೋದರಮಾವನನ್ನು. ಗಂಡ-ಹೆಂಡತಿ ಇಬ್ಬರಲ್ಲೂ ಒಂದೊಂದು ಕೆಟ್ಟ ಜೀನ್ ಅಡಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ರಕ್ತಸಂಬಂಧದಲ್ಲಿ ಒಂದೇ ಜೀನ್ ಇಬ್ಬರಲ್ಲೂ ಇರುವುದು ಹೆಚ್ಚು. ಸಂಬಂಧದಲ್ಲಿ ಮದುವೆಯಾದವರು ಮಗು ಹುಟ್ಟಿದ ಕೂಡಲೇ ನ್ಯೂಬಾರ್ನ್ ಸ್ಕ್ರೀನಿಂಗ್ (ಹುಟ್ಟಿನಿಂದ ಬರುವ ಕಾಯಿಲೆಗಳ ಪರೀಕ್ಷೆ) ಮಾಡಿಸಿ. ಕೆಲವು ಹನಿ ರಕ್ತದ ಕೆಲಸ ಅದು.

ಫಾರ್ಮಸಿಸ್ಟ್, ಶಿವಮೊಗ್ಗ

ಸಿರಪ್ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ ಸಿಪ್ರೋಹೆಪ್ಟಡಿನ್ ಎಂದು ಇದೆಯಾ ನೋಡಿ ಮೇಡಂ. ಎಷ್ಟೋ ಹಸಿವಿನ ಸಿರಪ್ಪುಗಳಲ್ಲಿ ಹಸಿವು ತರುವುದು ಅದು, ಲೈಸಿನ್ ಅಲ್ಲ. ಮೂಲತಃ ಅಲರ್ಜಿಯ ಔಷಧಿ. ಮಕ್ಕಳಿಗೆ ತೂಕಡಿಕೆ ಬರುತ್ತದೆ. ನಿಲ್ಲಿಸಿದ ಮೇಲೆ ಹಸಿವು ಮೊದಲಿನಂತೆಯೇ. ಡಾಕ್ಟರ್ ಹೇಳದೆ ಕೊಡಬೇಡಿ. ಅದಕ್ಕಿಂತ ಮೊದಲು ಹಿಮೋಗ್ಲೋಬಿನ್ ನೋಡಿಸಿ, ಜಂತುಹುಳಕ್ಕೆ ಮಾತ್ರೆ ಕೊಟ್ಟು ಎಷ್ಟು ದಿನವಾಯಿತು ನೋಡಿ. ಊಟಕ್ಕೆ ಮುಂಚೆ ಬಿಸ್ಕತ್ತು, ದಿನವಿಡೀ ಹಾಲು ಕೊಡುತ್ತಿದ್ದರೆ ಮಕ್ಕಳು ಊಟಕ್ಕೆ ಕೂರುವುದೇ ಇಲ್ಲ.

ಕೋಳಿ ಸಾಕುವವರು, ಹರಿಹರ

ನಮ್ಮ ಕಡೆಯವರೇ ಕೇಳಿದ್ದಾರೆ ಎಂದು ಬರೆಯುತ್ತಿದ್ದೇನೆ. ದಾವಣಗೆರೆ ಸುತ್ತ ಬೆಳೆಯುವ ಮೆಕ್ಕೆಜೋಳದ ದೊಡ್ಡ ಪಾಲು ಹೋಗುವುದು ಕೋಳಿ ಮೇವಿಗೆ. ಬರೀ ಮೆಕ್ಕೆಜೋಳ ಹಾಕಿದರೆ ಕೋಳಿ ಬೆಳೆಯುವುದಿಲ್ಲ, ಎದೆಯ ಮಾಂಸ ತುಂಬುವುದಿಲ್ಲ. ಕಾರಣ ಲೈಸಿನ್ ಕೊರತೆ. ಅದಕ್ಕೇ ಸೋಯಾ ಹಿಂಡಿ ಸೇರಿಸುತ್ತೇವೆ. ಮೇಲೆ ಲೈಸಿನ್ ಪುಡಿಯನ್ನೇ ತೂಗಿ ಬೆರೆಸುತ್ತೇವೆ. ಲೈಸಿನ್ ಜಾಸ್ತಿ ಖರ್ಚಾಗುವುದು ಮಾತ್ರೆಗಳಿಗಲ್ಲ, ಹಂದಿ-ಕೋಳಿ ಮೇವಿಗೆ. ಸಕ್ಕರೆ, ಕಾಕಂಬಿ ತಿನ್ನಿಸಿ ಬ್ಯಾಕ್ಟೀರಿಯಾದಿಂದ ಇದನ್ನು ತಯಾರಿಸುತ್ತಾರೆ. ಆ ಬ್ಯಾಕ್ಟೀರಿಯಾ ಸಿಕ್ಕಿದ್ದು 1950ರ ದಶಕದಲ್ಲಿ, ಜಪಾನಿನಲ್ಲಿ.

ಕೃಷಿ ಮೇಳದಲ್ಲಿ ಕೇಳಿದ್ದು ಇನ್ನೊಂದಿದೆ. ಲೈಸಿನ್ ಹೆಚ್ಚಿರುವ ಮೆಕ್ಕೆಜೋಳದ ತಳಿಗಳೂ ಇವೆ, ಕ್ಯೂಪಿಎಂ (ಕ್ವಾಲಿಟಿ ಪ್ರೋಟೀನ್ ಮೇಜ್) ಎನ್ನುತ್ತಾರೆ. 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಒಪೇಕ್-2 ಎಂಬ ಜೀನ್ ಇರುವ ಮೆಕ್ಕೆಜೋಳದಲ್ಲಿ ಲೈಸಿನ್ ಹೆಚ್ಚಿರುವುದನ್ನು ತೋರಿಸಿದರು. ಆದರೆ ಕಾಳು ಮೆತ್ತಗೆ, ಹುಳ ಬೇಗ ಬೀಳುತ್ತಿತ್ತು. ಮೆಕ್ಸಿಕೋದಲ್ಲಿ ಮೆಕ್ಕೆಜೋಳ, ಗೋಧಿ ಸಂಶೋಧನೆ ಮಾಡುವ ಸಿಮಿಟ್ ಸಂಸ್ಥೆಯಲ್ಲಿ ನಮ್ಮ ದೇಶದ ಸುರಿಂದರ್ ವಾಸಲ್ ಮತ್ತು ಮೆಕ್ಸಿಕೋದ ಇವಾಂಜೆಲಿನಾ ವಿಯೆಗಾಸ್ ವರ್ಷಗಟ್ಟಲೆ ದುಡಿದು ಗಟ್ಟಿ ಕಾಳಿನ ತಳಿ ಮಾಡಿದರು. 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿ ಬಂತು. ಮೆಕ್ಕೆಜೋಳವನ್ನೇ ಮೂರು ಹೊತ್ತು ಉಣ್ಣುವ ಆಫ್ರಿಕಾದ ಊರುಗಳಿಗೆ ಅದು ದೊಡ್ಡ ಉಪಕಾರ.

ಬಯಾಲಜಿ ಉಪನ್ಯಾಸಕ, ತುಮಕೂರು

ದೇಹದಲ್ಲಿ ಇದರ ಕೆಲಸ ಏನು ಎಂದು ಯಾರೂ ಬರೆದಿಲ್ಲ, ಅದಕ್ಕೆ ಸ್ವಲ್ಪ. ಲೈಸಿನ್‌ನ ತುದಿಯಲ್ಲಿ ಪಾಸಿಟಿವ್ ಚಾರ್ಜ್ ಇರುವ ಒಂದು ಗುಂಪು ಇದೆ. ಇದರ ಹೆಚ್ಚಿನ ಕೆಲಸ ಅಲ್ಲಿಂದಲೇ. ಚರ್ಮ, ಮೂಳೆ, ರಕ್ತನಾಳಗಳಿಗೆ ಬಲ ಕೊಡುವ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದು ಲೈಸಿನ್ ಮೂಲಕ. ಆ ಕೆಲಸಕ್ಕೆ ವಿಟಮಿನ್ ಸಿ ಬೇಕು, ತಾಮ್ರವೂ ಬೇಕು. ವಿಟಮಿನ್ ಸಿ ಇಲ್ಲದ ಸ್ಕರ್ವಿಯಲ್ಲಿ ಒಸಡು ರಕ್ತ ಸುರಿಸುವುದು ಕೊಲಾಜನ್ ಸಡಿಲವಾಗಿ. ಕೊಬ್ಬನ್ನು ಉರಿಸಲು ಬೇಕಾದ ಕಾರ್ನಿಟಿನ್ ತಯಾರಾಗುವುದೂ ಲೈಸಿನ್‌ನಿಂದಲೇ. ಕಣ್ಣಿನಲ್ಲಿ ಬೆಳಕು ಹಿಡಿಯುವ ಪ್ರೋಟೀನ್ ಆದ ರೋಡಾಪ್ಸಿನ್‌ನಲ್ಲಿ ವಿಟಮಿನ್ ಎ ಅಂಟಿಕೊಂಡಿರುವುದು ಒಂದು ಲೈಸಿನ್‌ಗೆ.

ನನಗೆ ಬಹಳ ಇಷ್ಟವಾದದ್ದು ಡಿಎನ್‌ಎ ಕಥೆ. ಡಿಎನ್‌ಎಗೆ ನೆಗೆಟಿವ್ ಚಾರ್ಜ್. ಅದು ಸುತ್ತಿಕೊಳ್ಳುವ ಹಿಸ್ಟೋನ್ ಪ್ರೋಟೀನುಗಳಲ್ಲಿ ಲೈಸಿನ್ ತುಂಬಿದೆ. ಲೈಸಿನ್‌ಗೆ ಅಸಿಟೈಲ್ ಎಂಬ ಚಿಕ್ಕ ರಾಸಾಯನಿಕ ಗುಂಪು ಅಂಟಿಸಿದರೆ ಚಾರ್ಜ್ ಹೋಗಿ ಸುತ್ತು ಸಡಿಲವಾಗುತ್ತದೆ, ಅಲ್ಲಿನ ಜೀನ್ ಓದಲು ಸಿಗುತ್ತದೆ. ತೆಗೆದರೆ ಮತ್ತೆ ಬಿಗಿ. 1964ರಲ್ಲಿ ವಿಜ್ಞಾನಿ ವಿನ್ಸೆಂಟ್ ಆಲ್ಫ್ರೇ ಇದನ್ನು ಸೂಚಿಸಿದರು. ಈಗ ಕೆಲವು ರಕ್ತದ ಕ್ಯಾನ್ಸರಿನ ಔಷಧಿಗಳು ಕೆಲಸ ಮಾಡುವುದೇ ಈ ಜಾಗದಲ್ಲಿ. ಸಕ್ಕರೆ ಕಾಯಿಲೆಯವರ ಲಿಸ್ಪ್ರೋ ಇನ್ಸುಲಿನ್ ಗೊತ್ತಲ್ವಾ? ಸಾಮಾನ್ಯ ಇನ್ಸುಲಿನ್ನಿನಲ್ಲಿ ಅಕ್ಕಪಕ್ಕ ಇರುವ ಪ್ರೋಲಿನ್, ಲೈಸಿನ್ ಎಂಬ ಎರಡು ಅಮೈನೋ ಆಮ್ಲಗಳ ಜಾಗ ಅದಲುಬದಲು ಮಾಡಿದರು, ಅಷ್ಟೇ. ಅದು ಬೇಗ ರಕ್ತಕ್ಕೆ ಸೇರುವಂತಾಯಿತು.

ಪಶುವೈದ್ಯ, ಮೈಸೂರು

ಬೆಕ್ಕು ಸಾಕಿದವರು ಯಾರಾದರೂ ಇದನ್ನು ಓದುತ್ತಿದ್ದರೆ: ಬೆಕ್ಕಿನ ಹರ್ಪಿಸ್‌ಗೂ ಲೈಸಿನ್ ಪೇಸ್ಟ್ ಮಾರುತ್ತಾರೆ. ಉಪಯೋಗ ಇಲ್ಲವೆಂದು 2015ರ ಒಂದು ವಿಮರ್ಶೆ ಸ್ಪಷ್ಟವಾಗಿ ಹೇಳಿದೆ, ಕೊಡುವುದನ್ನು ನಿಲ್ಲಿಸಿ ಎಂದಿದೆ. ಬೆಕ್ಕಿಗೆ ಆರ್ಜಿನಿನ್ ಬಹಳ ಮುಖ್ಯ, ಅದನ್ನು ತಗ್ಗಿಸುವ ಪ್ರಯತ್ನವೇ ಬೇಡ.

ಪ್ರಶ್ನೆ ಕೇಳಿದವರು, ದಾವಣಗೆರೆ

ಎಲ್ಲರಿಗೂ ತುಂಬಾ ಧನ್ಯವಾದ. ಬೆಂಗಳೂರಿನ ಅಕ್ಕನ ಮಾತು ಓದಿ ಮನಸ್ಸು ತುಂಬಿ ಬಂತು. ಮಗಳು ಚೆನ್ನಾಗಿರಲಿ. ನಾನು ಮಾತ್ರೆ ಶುರು ಮಾಡುವುದಿಲ್ಲ. ಸಿರಪ್ಪಿನಲ್ಲಿ ಫಾರ್ಮಸಿಸ್ಟ್ ಸರ್ ಹೇಳಿದ ಔಷಧಿ ಇದೆ, ಅದನ್ನೂ ಬದಿಗಿಟ್ಟೆ. ನಾಳೆ ಮಗನಿಗೆ ರಕ್ತ ಪರೀಕ್ಷೆ. ಇನ್ನೊಂದೇ ಪ್ರಶ್ನೆ. ನಮ್ಮ ಮಾವನವರಿಗೆ ಕಿಡ್ನಿ ತೊಂದರೆ. ಡಯಾಲಿಸಿಸ್ ಇನ್ನೂ ಇಲ್ಲ. ಬೇಳೆ ಕಡಿಮೆ ಮಾಡಿ ಎಂದಿದ್ದಾರೆ. ಅವರಿಗೆ ಈ ಮಾತ್ರೆ ಕೊಡಬಹುದಾ? ಡಬ್ಬಿ ಸುಮ್ನೆ ಬಿದ್ದಿದೆ.

ಡಯಟೀಷಿಯನ್, ಧಾರವಾಡ

ಕೊಡಲೇಬೇಡಿ ಅಕ್ಕ. ದಿನಕ್ಕೆ 3 ಗ್ರಾಂನಂತೆ ವರ್ಷಗಟ್ಟಲೆ ಲೈಸಿನ್ ತೆಗೆದುಕೊಂಡ ಒಬ್ಬ ಮಹಿಳೆಗೆ ಕಿಡ್ನಿಯೇ ಕೆಟ್ಟ ವರದಿ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ. ಮೊದಲೇ ತೊಂದರೆ ಇರುವವರಿಗೆ ಇದು ಬೇಡವೇ ಬೇಡ.

ಮಾವನವರಿಗೆ ಕೀಟೋ ಅನಲಾಗ್ ಮಾತ್ರೆ ಬರೆದಿದ್ದಾರಾ ನೋಡಿ. ಸ್ವಲ್ಪ ದುಬಾರಿ, ದಿನಕ್ಕೆ ಹಲವು ಮಾತ್ರೆ ಇರುತ್ತವೆ. ಅದರಲ್ಲಿ ಕೆಲವು ಅಮೈನೋ ಆಮ್ಲಗಳನ್ನು ಸಾರಜನಕ ತೆಗೆದ ರೂಪದಲ್ಲಿ ಕೊಡುತ್ತಾರೆ. ದೇಹ ತನ್ನಲ್ಲೇ ಇರುವ ಸಾರಜನಕ ಸೇರಿಸಿಕೊಂಡು ಪೂರ್ತಿ ಮಾಡಿಕೊಳ್ಳುತ್ತದೆ, ಕಿಡ್ನಿಗೆ ಹೊರೆ ಕಡಿಮೆ. ಆದರೆ ಲೈಸಿನ್‌ಗೆ ಹಾಗೆ ಮಾಡಲು ಬರುವುದಿಲ್ಲ. ಒಮ್ಮೆ ಸಾರಜನಕ ಹೋದರೆ ದೇಹ ಅದನ್ನು ಮತ್ತೆ ಸೇರಿಸಲಾರದು. ಅದಕ್ಕೇ ಆ ಮಾತ್ರೆಯಲ್ಲಿ ಲೈಸಿನ್ನನ್ನು ಲೈಸಿನ್ ಆಗಿಯೇ, ಅಳೆದು ಹಾಕಿರುತ್ತಾರೆ. ಮೇಲೆ ಇನ್ನೊಂದು ಬೇಕಿಲ್ಲ.

ಬೇಳೆ ಎಷ್ಟು ಎಂಬುದನ್ನು ಕಿಡ್ನಿ ಡಾಕ್ಟರ್ ಹತ್ತಿರವೇ ಕೇಳಿ, ಪೂರ್ತಿ ನಿಲ್ಲಿಸಬೇಡಿ. ಮುಂದೆ ಡಯಾಲಿಸಿಸ್ ಶುರುವಾದರೆ ಲೆಕ್ಕ ತಿರುಗುತ್ತದೆ, ಪ್ರೋಟೀನ್ ಜಾಸ್ತಿ ಬೇಕಾಗುತ್ತದೆ. ಆಗಲೂ ಹಳೆಯ ಪಥ್ಯವನ್ನೇ ಮುಂದುವರಿಸಿ ಸೊರಗುವವರನ್ನು ನೋಡಿದ್ದೇನೆ. ಮುಂದಿನ ಸಲ ಹೋಗುವಾಗ ಅವರು ದಿನಕ್ಕೆ ಏನೇನು ಉಣ್ಣುತ್ತಾರೆ ಎಂದು ಬರೆದುಕೊಂಡು, ಪೊಟ್ಯಾಶಿಯಂ, ಫಾಸ್ಫರಸ್ ರಿಪೋರ್ಟ್ ಜೊತೆ ತೆಗೆದುಕೊಂಡು ಹೋಗಿ.